ವಿದ್ಯೆಗೆ ಮೇರೆಯುಂಟೆ?

ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ ಮೊದಲಾದ ಪ್ರಾಂತಗಳಲ್ಲಿ ಆಮಿಷ್ ಎಂಬ ಕ್ರೈಸ್ತ ಪಂಥದವರು ಬೇಸಾಯವನ್ನೂ ಕೈಕಸುಬನ್ನೂ ನೆಚ್ಚಿ ಸರಳವಾಗಿ ಬಾಳುತ್ತಾರೆ. ಹೊಲಗಳ ನಡುವೆ ಅವರು ಕಟ್ಟಿಕೊಂಡಿರುವ ಶಾಲೆಗೆ ಸಾಮಾನ್ಯವಾಗಿ ಒಂದೇ ಕೊಠಡಿ. 1ನೆಯ ತರಗತಿಯಿಂದ 8ನೆಯದರವರೆಗಿನ ಸುಮಾರು 30 ಮಕ್ಕಳು ಅದರಲ್ಲಿಯೇ ಕಲಿಯುವರು. ಉಪಾಧ್ಯಾಯಿನಿಯು ಬಹುಮಟ್ಟಿಗೆ ಅದೇ ಪಂಥದ ಅವಿವಾಹಿತ ತರುಣಿ; ಆಕೆಯ ವ್ಯಾಸಂಗವೂ 8ನೆಯ ತರಗತಿಗೇ ಮುಗಿದಿರುತ್ತದೆ. ಮನೆಯಲ್ಲಿ ಜರ್ಮನಿನ ಒಂದು ಪ್ರಭೇದವನ್ನಾಡುವ ಮಕ್ಕಳು ಇಲ್ಲಿ ಇಂಗ್ಲಿಷಿನಲ್ಲಿ ಓದು, ಬರಹ, ಗಣಿತಗಳನ್ನು ಕಲಿಯುತ್ತಾರೆ. ಮುಂದೆ ಅವರಿಗೆ ಗುರುಕುಲವೆಂದರೆ ಹೊಲ, ಹಟ್ಟಿ, ಅಡಿಗೆಮನೆಗಳೇ.

ವಿಸ್ಕಾನ್ಸಿನ್ ಪ್ರಾಂತದ ಕಾನೂನು 16 ವರ್ಷ ತುಂಬುವವರೆಗೆ ಶಾಲೆಯನ್ನು ಕಡ್ಡಾಯ ಮಾಡಿತ್ತು. ಮಕ್ಕಳನ್ನು ಮುಂದಕ್ಕೆ ಕಳುಹಿಸದ ಮೂವರು ತಂದೆಯರಿಗೆ ತಲೆಗೆ 5 ಡಾಲರು ದಂಡ ಬಿದ್ದಿತು. ವ್ಯಾಜ್ಯವು ಆ ದೇಶದ ಸರ್ವೋಚ್ಚ ನ್ಯಾಯಸ್ಥಾನದವರೆಗೆ ಹೋಗಿ, 1972ರಲ್ಲಿ ತಂದೆಯರ ಪರವಾಗಿ ತೀರ್ಮಾನವಾಯಿತು. ಆದರೆ ನ್ಯಾಯಮೂರ್ತಿ ಡಗ್ಲಸ್ಸರು ಮಾತ್ರ, ಇಲ್ಲಿ ಮಕ್ಕಳ ಮಾತನ್ನೂ ಕೇಳಬೇಕಾಗಿತ್ತೆಂದು ಭಿನ್ನಾಭಿಪ್ರಾಯವನ್ನು ಬರೆದಿಟ್ಟರು.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಬಾಲಕನ ವಿದ್ಯೆಗೆ ಮೇರೆಯನ್ನಿಡುವ ಅಧಿಕಾರ ತಂದೆಗುಂಟೆ? ಇಲ್ಲವೆಂಬುದು ಪೂರ್ವಪಕ್ಷ. ವೈದ್ಯನಾಗುವ ಪ್ರತಿಭೆಯುಳ್ಳ ಹುಡುಗನು 8ನೆಯ ತರಗತಿಗೆ ನಿಂತರೆ ಆ ಪ್ರತಿಭೆಯು ಮುದುಡುವುದು. ಇದಕ್ಕೆ ಸಮಾಧಾನವೂ ಇಲ್ಲದಿಲ್ಲ. ಕಲಿತವನಿಗೆ ನೇಗಿಲನ್ನು ಕಂಡರೆ ತಾತ್ಸಾರ ಹುಟ್ಟಿಸುವ ವಿದ್ಯೆಯೂ ಒಂದು ಬಾಗಿಲನ್ನು ಮುಚ್ಚುತ್ತದೆ; ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಕ್ಕಳಿಗೆ ಏನನ್ನೂ ಆರಿಸಿಕೊಡದೆ ಬೆಳೆಸುವ ತಾಯಿತಂದೆಗಳು ಲೋಕದಲ್ಲಿಲ್ಲ.

ಆದರೂ ತಾನಾಗಿ ಒಪ್ಪಿದ ಮಿತಿಯು ವ್ರತ, ಪರರು ಹೇರಿದ ಮಿತಿಯು ಬಂಧನ. ಈ ಭೇದವನ್ನು ಆಮಿಷರ ಪೂರ್ವಿಕರೇ ಚೆನ್ನಾಗಿ ಅರಿತಿದ್ದರು. ಹಸುಗೂಸಿಗೆ ದೀಕ್ಷಾಸ್ನಾನ ಸಲ್ಲದು, ಪ್ರಾಪ್ತವಯಸ್ಕನು ತಿಳಿದು ಒಪ್ಪಿದರೇ ಅದು ದೀಕ್ಷೆಯೆಂದು ಸಾರಿ, ಅವರು 16ನೆಯ ಶತಮಾನದ ಯೂರೋಪಿನಲ್ಲಿ ಘೋರ ಹಿಂಸೆಯನ್ನು ಅನುಭವಿಸಿದರು. ಇಂದಿಗೂ ಆಮಿಷರಲ್ಲಿ ದೀಕ್ಷೆಯಾಗುವುದು ಯೌವನದಲ್ಲಿಯೇ.

ಹಾಗಾದರೆ ಅವರ ಶಾಲೆಯನ್ನು ಅಳೆಯಲು ಹೊರಗಿನ ಅಳತೆಗೋಲು ಬೇಕಿಲ್ಲ. ಬೇರೊಂದು ಬಾಳೂ ಸಾಧ್ಯವೆಂದು ಬಲ್ಲವನ ಒಪ್ಪಿಗೆಯೇ ಒಪ್ಪಿಗೆ. ತಾಯಿತಂದೆಗಳು ಮಕ್ಕಳನ್ನು ತಮ್ಮ ದಾರಿಯಲ್ಲಿ ನಡೆಸಲಿ. ಅದು ಅವರ ಹಕ್ಕು, ಕರ್ತವ್ಯವೂ ಹೌದು. ಆದರೆ ಬೆಳೆದ ಮಗನು ಅಥವಾ ಮಗಳು ಬೇರೆ ದಾರಿಯನ್ನು ಬಯಸಿದಾಗ, ಅದರಲ್ಲಿ ಕಾಲಿಡುವಷ್ಟು ವಿದ್ಯೆ ಅವರ ಕೈಯಲ್ಲಿರಬೇಕು. ಅಷ್ಟನ್ನು ಕೊಟ್ಟ ಶಾಲೆಯು ಒಂದೇ ಕೊಠಡಿಯದಾದರೂ ಸಾಕು. ಕೊಡದ ಶಾಲೆಯು ಎಷ್ಟು ದೊಡ್ಡದಾದರೂ ಸಾಲದು.