ನೋಂಪಿಯ ಉದ್ಯಾಪನೆಯೂ ಪರ್ವಕಾಲದ ಕೊಡುಗೆಯೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಸಮೀಪಿಸುತ್ತಿರುವಂತೆಯೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ನೆಲೆಸಿರುವ ಶ್ರಾವಕರ ಮನೆಗಳಲ್ಲಿ ಕೊಡುಗೆಗಳ ಚಿಂತೆಯೂ ಆರಂಭವಾಗುತ್ತದೆ. ಅನಂತ ಚತುರ್ದಶಿಯಂದು ನೋಂಪಿಯ ಉದ್ಯಾಪನೆ. ಅದರ ಬೆನ್ನಿಗೇ ಕ್ಷಮಾವಣಿ. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಭಗವಾನ್ ಮಹಾವೀರರ ನಿರ್ವಾಣದ ದೀಪಾವಳಿ. ಈ ಎರಡು ತಿಂಗಳಲ್ಲಿ ಹೆಸರು ಕೊರೆಸಿದ ಲೋಟ, ತಟ್ಟೆ, ಡಬ್ಬಿಗಳೂ ರವಿಕೆಯ ಕಣಗಳೂ ಮಿಠಾಯಿಯ ಪೆಟ್ಟಿಗೆಗಳೂ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುತ್ತವೆ. ಮುಂದಿನ ವರ್ಷ ಅವುಗಳಲ್ಲಿ ಕೆಲವು ಬಂದ ದಾರಿಯನ್ನೇ ಹಿಡಿದು ಹಿಂದಿರುಗುವುದೂ ಉಂಟು! ಇದೆಲ್ಲವೂ ದಾನವೆನಿಸುವುದೇ ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ದಾನದ ಲಕ್ಷಣವನ್ನು ಎರಡೇ ಮಾತಿನಲ್ಲಿ ನಿರೂಪಿಸಿರುತ್ತಾರೆ. ಉಪಕಾರದ ಉದ್ದೇಶವಿರಬೇಕು, ತನ್ನದಾದುದನ್ನು ನಿಜವಾಗಿ ಬಿಟ್ಟುಕೊಡಬೇಕು. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ ಈ ನಾಲ್ಕರ ವಿಶೇಷದಿಂದ ಫಲದಲ್ಲಿ ತಾರತಮ್ಯವುಂಟಾಗುವುದೆಂದೂ ಅವರು ಹೇಳಿದ್ದಾರೆ. ಬೆಲೆಯು ಈ ನಾಲ್ಕರಲ್ಲಿ ಒಂದಾಗಿಲ್ಲವೆಂಬುದು ಗಮನಾರ್ಹವಾಗಿದೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿಗಳೆಂದು ವಿಂಗಡಿಸಿದ್ದಾರೆ. ಬಂಧುಗಳಿಗೂ ಸಹಧರ್ಮಿಗಳಿಗೂ ಹಬ್ಬದಲ್ಲಿ ಕೊಡುವುದು ಸಮದತ್ತಿಯಲ್ಲಿ ಸೇರುವುದರಿಂದ ಅದನ್ನು ಹಗುರವೆಂದು ತಳ್ಳಿಹಾಕುವಂತಿಲ್ಲ. ಆದರೆ ದತ್ತಿಯ ಹೆಸರು ಹೊತ್ತ ಮೇಲೆ ಅದಕ್ಕೆ ದಾನದ ನಿಯಮಗಳೂ ಅನ್ವಯಿಸುತ್ತವೆ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದಾದ ಅತಿಥಿಸಂವಿಭಾಗಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಆಹಾರವನ್ನು ಸಚಿತ್ತವಾದ ಎಲೆಯ ಮೇಲಿಡುವುದು, ಅಂತಹ ಎಲೆಯಿಂದಲೇ ಮುಚ್ಚುವುದು ಎಂಬ ಮೊದಲೆರಡು ಮುನಿಗಳ ಆಹಾರದಾನಕ್ಕೆ ಸಂಬಂಧಿಸಿದವು. ಉಳಿದವು ಪರವ್ಯಪದೇಶ, ಮಾತ್ಸರ್ಯ, ಕಾಲಾತಿಕ್ರಮ. ಇವುಗಳಲ್ಲಿ ಮಾತ್ಸರ್ಯವು ಇಂದಿನ ಉದ್ಯಾಪನೆಗಳಲ್ಲಿ ಹೊಸ ವೇಷ ಧರಿಸಿ ಕುಳಿತಿದೆ. ಅನಂತನ ನೋಂಪಿಯನ್ನು 14 ವರ್ಷ ಆಚರಿಸಿದ ಶ್ರಾವಿಕೆಯು ಉದ್ಯಾಪನೆಯಲ್ಲಿ 14ರ ಲೆಕ್ಕದಲ್ಲಿ ವಸ್ತುಗಳನ್ನು ಸಮರ್ಪಿಸುವುದು ಸಂಪ್ರದಾಯ. ಓರಗಿತ್ತಿಯು ಹಿತ್ತಾಳೆಯದನ್ನು ಕೊಟ್ಟಳೆಂದು ಈಕೆ ಬೆಳ್ಳಿಯದನ್ನು ಕೊಡಲು ಹೊರಟರೆ, ಹದಿನಾಲ್ಕು ವರ್ಷ ಉಪವಾಸದಿಂದ ಕರಗಿಸಿದ ಕಷಾಯವು ಒಂದೇ ದಿನದಲ್ಲಿ ಮತ್ತೆ ಬಂದು ಸೇರುವುದಿಲ್ಲವೇ?

ಇದಕ್ಕೆ ಹಣವೆಲ್ಲಿಂದ ಬರಬೇಕು? ಈ ಸೀಮೆಯಲ್ಲಿ ಅದು ಅಟ್ಟದಿಂದಲೇ ಬರಬೇಕು. ಬಲಿತ ಕಾಯಿಯು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕುಳಿತು, ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡ ಮೇಲೆಯೇ ಉಂಡೆ ಕೊಬ್ಬರಿಯಾಗುವುದು. ಬೇಗನೆ ಒಡೆದರೆ ಅದು ಕೊಬ್ಬರಿಯಲ್ಲ, ಬರಿಯ ಹಸಿಕಾಯಿ. ಉದ್ಯಾಪನೆಯ ಆಡಂಬರಕ್ಕಾಗಿ ಕಾಯಿ ಅಟ್ಟದಲ್ಲಿರುವಾಗಲೇ ಮುಂಗಡ ಹಣ ತಂದವರ ಪಾಡು ಏನಾಗುವುದೆಂಬುದನ್ನು ತಿಪಟೂರಿನ ಮಾರುಕಟ್ಟೆಯ ದರವೇ ಹೇಳುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆಯು ಕ್ವಿಂಟಾಲಿಗೆ 11,750 ರೂಪಾಯಿಗಳಿದ್ದರೂ ಮಾರುಕಟ್ಟೆಯ ದರವು ಅದಕ್ಕಿಂತ ಬಹಳ ಕೆಳಗಿಳಿಯಿತು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಗಳನ್ನೂ ದಾಟಿತು. ಏರಿದ ವರ್ಷದ ಉದ್ಯಾಪನೆಯನ್ನು ಮಾದರಿಯಾಗಿಟ್ಟುಕೊಂಡು ಇಳಿದ ವರ್ಷದಲ್ಲಿ ಅದನ್ನು ಅನುಸರಿಸಹೊರಟ ಸಂಸಾರವು ಸಾಲದಲ್ಲಿ ಬೀಳುವುದು. ಸಾಲ ತಂದು ಕೊಟ್ಟುದು ತನ್ನದನ್ನು ಬಿಟ್ಟುಕೊಟ್ಟಂತೆ ಹೇಗಾದೀತು? ಅದು ಸಾಲಿಗನ ಧನ.

ವ್ರತವಿಧಾನಗಳನ್ನು ರಚಿಸಿದ ಪೂರ್ವಾಚಾರ್ಯರು ಇದನ್ನು ಮುಂಗಂಡಿದ್ದರು. ಉದ್ಯಾಪನೆ ಮಾಡುವ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸತಕ್ಕದ್ದೆಂದು ಅವರು ವಿಧಿಸಿದ್ದಾರೆ. ಅಂದರೆ 14 ವರ್ಷದ ನೋಂಪಿಗೆ 28 ವರ್ಷ. ಧನವಿಲ್ಲದವಳಿಗೆ ತಪಸ್ಸೇ ಉದ್ಯಾಪನೆಯಾಗುತ್ತದೆ. ಈ ಕಟ್ಟಳೆಯನ್ನು ಬಡವರಿಗೆ ವಿಧಿಸಿದ ದಂಡವೆಂದು ಭಾವಿಸುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಬೆಳ್ಳಿಯ ತಟ್ಟೆಗಳಿಗೆ ಸಮನಾಗಿ ತೂಗಬಲ್ಲುದು ಮತ್ತಷ್ಟು ತಟ್ಟೆಗಳಲ್ಲ, ಮತ್ತಷ್ಟು ಉಪವಾಸಗಳೆಂದು ಆಚಾರ್ಯರೇ ತಕ್ಕಡಿ ಹಿಡಿದು ತೋರಿಸಿದಂತಾಯಿತು. ಇಂದು ಈ ವಿಧಿಯನ್ನು ಬಾಯಿಬಿಟ್ಟು ಹೇಳುವವರೇ ವಿರಳರಾಗಿದ್ದಾರೆ. ನೋಂಪಿಯನ್ನು ಹಿಡಿಸುವ ದಿನವೇ ಇದನ್ನು ಸೊಸೆಯಂದಿರಿಗೆ ತಿಳಿಸಿದಲ್ಲಿ ಎಷ್ಟೋ ಮನೆಗಳ ಭಾರ ಇಳಿಯುವುದು.

ತಕ್ಕಡಿಯ ಮಾತು ಬಂದುದರಿಂದ ಮತ್ತೊಂದನ್ನು ಇಲ್ಲಿಯೇ ಹೇಳಬಹುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಎಂದರೆ ಕೊಳ್ಳುವಾಗ ಒಂದು ತೂಕ ಕೊಡುವಾಗ ಇನ್ನೊಂದು ತೂಕ, ಹಾಗೂ ಪ್ರತಿರೂಪಕ ವ್ಯವಹಾರ, ಎಂದರೆ ಒಳ್ಳೆಯ ಸರಕಿನಲ್ಲಿ ಕೀಳು ಸರಕನ್ನು ಬೆರೆಸುವುದು, ಇವೆರಡೂ ಸೇರಿವೆ. ಕೊಬ್ಬರಿಯ ವ್ಯಾಪಾರವುಳ್ಳ ಊರಿನಲ್ಲಿ ಇದರ ವಿವರಣೆ ಬೇಕಾಗಿಲ್ಲ. ರೈತನ ಮೂಟೆಯಲ್ಲಿ ಕಳೆದ ಸೇರುಗಳನ್ನು ಬಸದಿಯ ಹುಂಡಿಯಲ್ಲಿ ಕೂಡಿಸಲಾಗದು.

ಇನ್ನು ಕೊಡತಕ್ಕ ದ್ರವ್ಯದ ವಿಚಾರ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನವು ಸರ್ವವಿದಿತವಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯಕ್ಕೆ ನಿದರ್ಶನವಾಗಿ ಶ್ರೀಷೇಣ, ವೃಷಭಸೇನೆ, ಕೌಂಡೇಶ, ಸೂಕರ ಎಂಬ ನಾಲ್ವರನ್ನು ಹೆಸರಿಸಿದ್ದಾರೆ. ರಾಜನ ಪಕ್ಕದಲ್ಲಿಯೇ ಹಂದಿಗೂ ಸ್ಥಾನ! ಗುಹೆಯಲ್ಲಿದ್ದ ಮುನಿಯನ್ನು ಹುಲಿಯಿಂದ ರಕ್ಷಿಸಲು ಹೋರಾಡಿ ಪ್ರಾಣ ತೆತ್ತ ಆ ಸೂಕರದ ಬಳಿ ಕೊಡಲು ಬೇರೇನಿತ್ತು?

ಔಷಧದಾನವನ್ನು ಈ ಸೀಮೆಗೆ ತಕ್ಕಂತೆ ಅರ್ಥೈಸುವುದಾದರೆ ಮೊದಲು ನೆನೆಯಬೇಕಾದವರು ಮರವೇರಿ ಕಾಯಿ ಕೀಳುವವರು. ಮನೆಯ ಪೂಜೆಯ ಶ್ರೀಫಲವೂ ಕೊಬ್ಬರಿಯ ಹಣವೂ ಅವರ ಕೈಯಿಂದ ಇಳಿದು ಬಂದವು. ಜಾರಿ ಬಿದ್ದವನ ಬೆನ್ನು ಮುರಿದರೆ ಆ ಮನೆಯ ಒಲೆಯೇ ಆರುತ್ತದೆ. 1981ರಲ್ಲಿ ಸ್ಥಾಪಿತವಾದ ತೆಂಗು ಅಭಿವೃದ್ಧಿ ಮಂಡಳಿಯು ಮರವೇರುವವರಿಗಾಗಿ ಕೇರ ಸುರಕ್ಷಾ ಎಂಬ ವಿಮೆಯ ಯೋಜನೆಯನ್ನು ನಡೆಸುತ್ತದೆ. ಕಂತಿನ ಹೆಚ್ಚಿನ ಭಾಗವನ್ನು ಮಂಡಳಿಯೇ ಭರಿಸುವುದರಿಂದ ಉಳಿಯುವುದು ಅಲ್ಪ ಮೊತ್ತ. ತನ್ನ ತೋಟದಲ್ಲಿ ದುಡಿಯುವವನ ಹೆಸರಿನಲ್ಲಿ ಆ ಅರ್ಜಿಯನ್ನು ತುಂಬಿಸಿ ಕಂತನ್ನು ಕಟ್ಟುವುದು ಹದಿನಾಲ್ಕು ಲೋಟಗಳಿಗಿಂತ ಉತ್ತಮವಾದ ದಯಾದತ್ತಿ. ಪಡೆಯುವವನು ಜೈನನೇ ಆಗಿರಬೇಕೆಂಬ ನಿರ್ಬಂಧವು ದಯಾದತ್ತಿಗಿಲ್ಲ.

ದೀಪಾವಳಿಯಂದು ಮಕ್ಕಳಿಗೆ ಪಟಾಕಿಯ ಪೆಟ್ಟಿಗೆಯನ್ನು ಉಡುಗೊರೆಯಾಗಿ ತರುವ ಪದ್ಧತಿಯು ಭಗವಂತರ ನಿರ್ವಾಣದ ಪ್ರಾತಃಕಾಲಕ್ಕೆ ಎಷ್ಟು ವಿರುದ್ಧವೆಂಬುದನ್ನು ಹಲವು ಬಾರಿ ಹೇಳಿ ಆಗಿದೆ. ಮಟ್ಟೆಯ ರಾಶಿ, ಒಣಗರಿ, ತುಂಬಿದ ಅಟ್ಟಗಳಿರುವ ಹಳ್ಳಿಗಳಲ್ಲಿ ಅದು ಹುಳುಹುಪ್ಪಟೆಗಳಿಗೆ ಮಾತ್ರವಲ್ಲದೆ ನೆರೆಮನೆಯವನ ವರ್ಷದ ಅನ್ನಕ್ಕೂ ಭಯವನ್ನು ಒಡ್ಡುವುದು. ಆ ಪೆಟ್ಟಿಗೆಯನ್ನು ಕೊಳ್ಳದಿರುವುದೂ ಅಭಯದಾನದ ಒಂದು ಅಂಶವೇ ಸರಿ.

ಶಾಸ್ತ್ರದಾನವೆಂದೊಡನೆ ಕನ್ನಡಿಗರಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಾಗುವುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದ ಆ ಮಹಾತಾಯಿಯು ಸಾವಿರ ವರ್ಷಗಳ ಹಿಂದೆ ಮಾಡಿದ ಕಾರ್ಯವನ್ನು ಅಚ್ಚಿನ ಯಂತ್ರವು ಇಂದು ಸುಲಭಗೊಳಿಸಿದೆ. ಪುಸ್ತಕಗಳಿಗೆ ಕೊರತೆಯಿಲ್ಲ. ಆದರೆ ಸ್ವಾಧ್ಯಾಯಕ್ಕೆ ಕುಳಿತ ವೃದ್ಧೆಯ ಕಣ್ಣಿಗೆ ಅಕ್ಷರ ಕಾಣುತ್ತಿದೆಯೇ? ಅತ್ತೆಗೋ ನೆರೆಯ ಅಜ್ಜಿಗೋ ಮತ್ತೊಂದು ಸೀರೆಯನ್ನು ಕೊಡುವ ಬದಲು ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕವನ್ನು ಕೊಡಿಸಿದರೆ ಔಷಧದಾನವೂ ಶಾಸ್ತ್ರದಾನವೂ ಒಂದರಲ್ಲಿಯೇ ಸಿದ್ಧಿಸುತ್ತವೆ. ಬಸದಿಗೆ ಕೊಡುವಾಗಲೂ ಕೇಳಿ ಕೊಡುವುದು ಲೇಸು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಶಾಂತೀಶ್ವರ ಬಸದಿಯು ಹೊಯ್ಸಳರ ಕಾಲದ್ದು. ಅಂತಹ ಪುರಾತನ ಸನ್ನಿಧಿಗಳಿಗೆ ದರ್ಶನಕ್ಕೆ ಹೊರಡುವವರು ಮತ್ತೊಂದು ಗಂಟೆಯನ್ನು ಕೊಂಡೊಯ್ಯುವ ಮುನ್ನ ಅಲ್ಲಿಗೆ ಬೇಕಾದುದು ದೀಪದ ಎಣ್ಣೆಯೋ ಪ್ರಕ್ಷಾಳದ ವಸ್ತ್ರವೋ ಎಂದು ವಿಚಾರಿಸಿದರೆ ಅರ್ಚಕರು ಸಂತೋಷದಿಂದ ಹೇಳುವರು.

ಉಳಿದುದು ಆಹಾರ. ಇಲ್ಲಿ ಮರ್ಯಾದೆಯ ಜ್ಞಾನವು ಅವಶ್ಯಕ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯಿರುವುದರಿಂದ ಭಾದ್ರಪದದಲ್ಲಿ ಹಿಟ್ಟನ್ನೋ ಪೇಟೆಯ ಮಿಠಾಯಿಯನ್ನೋ ವ್ರತಿಕರ ಮನೆಗೆ ಕಳುಹಿಸುವುದು ಅವರನ್ನು ಸಂಕಟಕ್ಕೆ ಗುರಿಪಡಿಸಿದಂತೆ. ಚೆನ್ನಾಗಿ ಒಣಗಿದ ಸ್ವಂತ ತೋಟದ ಕೊಬ್ಬರಿ, ಆರಿಸಿದ ಹೆಸರುಬೇಳೆ, ಇವು ನಿರ್ದೋಷವಾದವು. ಹೊಸದಾಗಿ ಸಂಸಾರ ಹೂಡಿದ ದಂಪತಿಗಳಿಗೆ ನೀರು ಶೋಧಿಸುವ ದಪ್ಪ ಹತ್ತಿಯ ವಸ್ತ್ರವನ್ನು, 36 ಅಂಗುಲ ಉದ್ದ 24 ಅಂಗುಲ ಅಗಲದ್ದನ್ನು, ಇಮ್ಮಡಿಸಿ ಹೊಲಿದು ಕೊಡಬಹುದು. ಅದರ ಖರ್ಚು ಅತ್ಯಲ್ಪ. ದಿನಕ್ಕೆ ಹಲವು ಬಾರಿ ಅದು ಕೈಗೆ ಬರುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಪಾರಣೆಯ ಕೊಡುಗೆ. ಕಾಲಾತಿಕ್ರಮವೆಂಬ ಅತಿಚಾರವನ್ನು ನೆನಪಿಡಬೇಕಾದುದು ಇಲ್ಲಿಯೇ. ಹಲವು ದಿನ ಉಪವಾಸವಿದ್ದವರ ಮನೆಗೆ ಮಧ್ಯಾಹ್ನ ಹೋಳಿಗೆಯ ಬುಟ್ಟಿಯೊಡನೆ ಹೋಗುವುದರಿಂದ ಪ್ರಯೋಜನವಿಲ್ಲ. ಬರಿದಾದ ಹೊಟ್ಟೆಗೆ ಅದು ಹಿತವೂ ಅಲ್ಲ. ಒಂಟಿಯಾಗಿರುವ ವೃದ್ಧೆಯೋ, ಮನೆಯಲ್ಲಿ ಅಡುಗೆಗೆ ಬೇರೆಯವರಿಲ್ಲದ ಸೊಸೆಯೋ ಉಪವಾಸ ಹಿಡಿದಿದ್ದಾಳೆಂದು ತಿಳಿದೊಡನೆ ನೆರೆಯವರು ಹಿಂದಿನ ಸಂಜೆಯೇ ಆಕೆಗೆ ಹೇಳಿಬಿಡತಕ್ಕದ್ದು. ಮರುದಿನ ಸೂರ್ಯೋದಯವಾಗಿ ಎರಡು ಗಳಿಗೆ ಕಳೆಯುವ ಹೊತ್ತಿಗೆ, ಶೋಧಿಸಿ ಕಾಯಿಸಿದ ನೀರೂ ತೆಳುವಾದ ಹೆಸರುಬೇಳೆಯ ಗಂಜಿಯೂ ಆಕೆಯ ಬಾಗಿಲಲ್ಲಿರಬೇಕು.