ನಿಂತ ಜಾಗ, ಕೆಟ್ಟ ಜಾಗ

ಹಳೆಯ ಕುಕೂ ಗಡಿಯಾರಕ್ಕೆ ಒಂದು ಚಾಳಿ ಇರುತ್ತದೆ. ಅದು ಎಲ್ಲೆಂದರಲ್ಲಿ ನಿಲ್ಲುವುದು ಕಡಿಮೆ. ಗಂಟೆಯಾಗಲು ಕೆಲವೇ ನಿಮಿಷ ಇರುವಾಗ, ಇಲ್ಲವೇ ಅರ್ಧ ಗಂಟೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಹಕ್ಕಿ ಹೊರಗೆ ಬರಬೇಕಾದ ಹೊತ್ತಿಗೇ ನಿಂತಿತಲ್ಲ, ಹಾಗಾಗಿ ಮನೆಯವರ ಅನುಮಾನವೆಲ್ಲ ಹಕ್ಕಿಯ ಮೇಲೆ. ಅದರ ಪುಟ್ಟ ಕದ ಬಿಚ್ಚುತ್ತಾರೆ, ತಂತಿ ಬಗ್ಗಿಸುತ್ತಾರೆ, ರೆಕ್ಕೆ ಅಲುಗಿಸಿ ನೋಡುತ್ತಾರೆ. ಪಾಪ, ಹೆಚ್ಚಿನ ಸಲ ಹಕ್ಕಿಯದೇನೂ ತಪ್ಪಿರುವುದಿಲ್ಲ.

ಆ ಪೆಟ್ಟಿಗೆಯೊಳಗೆ ಒಂದೇ ಸೂರಿನಡಿ ಎರಡು ಸಂಸಾರಗಳಿವೆ. ಒಂದೊಂದಕ್ಕೂ ಬೇರೆ ಸರಪಣಿ, ಬೇರೆ ಕಬ್ಬಿಣದ ಗುಂಡು. ಒಂದು ಮುಳ್ಳುಗಳನ್ನು ತಿರುಗಿಸುತ್ತದೆ, ಇನ್ನೊಂದು ಹಕ್ಕಿಯನ್ನು ಕೂಗಿಸುತ್ತದೆ. ಕೂಗು ಕೂಡ ಹಕ್ಕಿಯ ಗಂಟಲಿನದಲ್ಲ. ಎರಡು ಪುಟಾಣಿ ತಿದಿಗಳು ಒಂದರ ಹಿಂದೊಂದು ಮೇಲೆದ್ದು ಇಳಿಯುವಾಗ ಮೊದಲು ಏರುಸ್ವರ, ಆಮೇಲೆ ಇಳಿಸ್ವರ ಹೊರಡುತ್ತದೆ. ಗಂಟೆ ಎಷ್ಟಾಯಿತೋ ಅಷ್ಟು ಸಲ, ಅರ್ಧ ಗಂಟೆಗೆ ಒಂದು ಸಲ ಎಂದರೆ ಹಗಲಿರುಳು ಸೇರಿ 180 ಕೂಗು. ಆ ದುಡಿಮೆಯನ್ನೆಲ್ಲ ಕೂಗಿನ ಗುಂಡೇ ಹೊರುತ್ತದೆ. ಕಾಲದ ಕಡೆಯ ಚಕ್ರಗಳಿಗೆ ಬೀಳುವ ಹೆಚ್ಚುವರಿ ಕೆಲಸ ಒಂದೇ: ಹೊತ್ತಾಗುವ ಮುಂಚೆ ಸಣ್ಣ ಸನ್ನೆಗೋಲೊಂದನ್ನು ನಿಧಾನವಾಗಿ ಎತ್ತಿ ಕೂಗಿನ ಕಡೆಯ ತಡೆ ತೆಗೆಯುವುದು. ಗಟ್ಟಿಮುಟ್ಟಾದ ಯಂತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಸೊರಗಿದ ಯಂತ್ರ ಮಾತ್ರ ಮಿಕ್ಕ ಹೊತ್ತನ್ನೆಲ್ಲ ಹೇಗೋ ತಳ್ಳಿಕೊಂಡು ಬಂದು, ಆ ಸನ್ನೆಗೋಲಿನ ಎದುರು ಕೈಚೆಲ್ಲುತ್ತದೆ.

ಅಂದರೆ ನಿಂತ ಜಾಗ ಬೇರೆ, ಕೆಟ್ಟ ಜಾಗ ಬೇರೆ. ರಿಪೇರಿಯ ಮೊದಲ ಪಾಠವೇ ಇದು.

ಬಲ್ಲವರು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕಿವಿ ಕೊಡುತ್ತಾರೆ. ಟಿಕ್‌ಗೂ ಟಾಕ್‌ಗೂ ನಡುವಿನ ಬಿಡುವು ಸಮನಾಗಿದೆಯೇ? ಸದ್ದು ಕುಂಟುತ್ತಿದ್ದರೆ ಗಡಿಯಾರ ಓರೆಯಾಗಿ ತೂಗುತ್ತಿದೆ ಎಂದು ಅರ್ಥ. ಪೆಟ್ಟಿಗೆಯ ಅಡಿಯನ್ನು ಎಡಕ್ಕೋ ಬಲಕ್ಕೋ ಚೂರುಚೂರೇ ಸರಿಸಿ, ಸದ್ದು ಸಮನಾದಲ್ಲಿ ಬಿಡಬೇಕು. ಗೋಡೆಗೆ ಬಣ್ಣ ಹೊಡೆಸಿ ಮತ್ತೆ ತೂಗುಹಾಕಿದ ಮೇಲೆ ನಿಂತ ಗಡಿಯಾರಕ್ಕೆ ಇಷ್ಟೇ ಮದ್ದು ಸಾಕಾಗುವುದುಂಟು. ಆಮೇಲೆ ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆಯೇ, ಸರಪಣಿ ತಿರುಚಿಕೊಂಡಿದೆಯೇ, ಲೋಲಕ ಗೋಡೆಗೆ ಉಜ್ಜುತ್ತಿದೆಯೇ ಎಂದು ನೋಡುವುದು. ಇದ್ಯಾವುದೂ ಅಲ್ಲವೆಂದಾದರೆ ಹಿಂಬದಿಯ ಹಲಗೆ ತೆಗೆಯುವುದು.

ಒಳಗೆ ಸಾಮಾನ್ಯವಾಗಿ ಕಾಣುವುದು ಕಪ್ಪಗೆ ಅಂಟಾದ ಹಳೇ ಎಣ್ಣೆ. ತುಮಕೂರು ರಸ್ತೆಯ ದೂಳು ನಮ್ಮ ನಾಗಸಂದ್ರದ ಮನೆಗಳ ಕಿಟಕಿಯಲ್ಲಿ ಒಂದೇ ದಿನಕ್ಕೆ ಬೆರಳಲ್ಲಿ ಬರೆಯುವಷ್ಟು ಕೂರುತ್ತದೆ; ಗಡಿಯಾರದ ಪೆಟ್ಟಿಗೆ ಅದಕ್ಕೆ ಹೊರತಲ್ಲ. ದೂಳು ಬೆರೆತ ಎಣ್ಣೆ ಜಾರುವುದನ್ನು ಬಿಟ್ಟು ಅರೆಯಲು ಶುರುಮಾಡುತ್ತದೆ. ಉಕ್ಕಿನ ಕಡ್ಡಿಯ ತುದಿ ತಿರುಗುವ ಹಿತ್ತಾಳೆಯ ತೂತು ಸವೆದು ಮೊಟ್ಟೆಯಾಕಾರಕ್ಕೆ ಬರುತ್ತದೆ, ಚಕ್ರ ವಾಲುತ್ತದೆ, ಹಲ್ಲಿಗೆ ಹಲ್ಲು ಸರಿಯಾಗಿ ಕೂರುವುದಿಲ್ಲ. ಗುಂಡು ಎಳೆಯುವ ಬಲ ಲೋಲಕ ತಲುಪುವ ಮುಂಚೆಯೇ ಅಲ್ಲಲ್ಲಿ ಸೋರಿಹೋಗುತ್ತದೆ. ಇದಕ್ಕೆ ಮೇಲಿಂದ ಇನ್ನಷ್ಟು ಎಣ್ಣೆ ಬಿಟ್ಟು ಪ್ರಯೋಜನವಿಲ್ಲ. ಪೂರ್ತಿ ಬಿಚ್ಚಿ ತೊಳೆದು, ಸವೆದ ತೂತನ್ನು ಅಗಲಿಸಿ, ಮೊದಲಿನ ನಡುಬಿಂದು ತಪ್ಪದಂತೆ ಹೊಸ ಹಿತ್ತಾಳೆ ಬುಷ್ ಕೂರಿಸಬೇಕು. ಎಣ್ಣೆಯೂ ಆ ತೂತುಗಳಿಗೆ ಹನಿಯಷ್ಟೇ; ಚಕ್ರದ ಹಲ್ಲುಗಳಿಗೆ ಬೇಡ.

ಈ ಮಾತು ನಮ್ಮ ಸುತ್ತಲಿನ ಊರಿಗೆ ಹೊಸದೇನಲ್ಲ. ಬುಷ್ ಹಾಕುವುದು ಪೀಣ್ಯದ ಲೇತ್‌ಗಳಿಗೆ ದಿನನಿತ್ಯದ ಕೆಲಸ. ಹತ್ತಿರದ ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲಿ ಹುಟ್ಟಿತು; 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಕ್ಕೆ ಕೈಹಾಕಿತು. ಎಚ್‌ಎಂಟಿಯ ‘ಜನತಾ’ ಗಡಿಯಾರಕ್ಕೆ 17 ಜ್ಯುವೆಲ್ ಎನ್ನುತ್ತಿದ್ದರಲ್ಲ, ಅದು ಅಲಂಕಾರದ ಮಾತಲ್ಲ. ಚಕ್ರದ ಕಡ್ಡಿಗಳ ತುದಿ ತಿರುಗುವಂಥ ಕಡೆ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳು ಅವು, ಸವೆತ ತಡೆಯುವುದಕ್ಕೆ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೂ ಕೀಲಿ ಕೊಟ್ಟರೆ ಓಡುವ ಆ ಗಡಿಯಾರಗಳು ಇನ್ನೂ ಎಷ್ಟೋ ಕೈಗಳಲ್ಲಿವೆ. ಜರ್ಮನಿಯ ಕಪ್ಪುಕಾಡಿನ ಸೀಮೆಯಿಂದ ಬಂದ ಮಾಮೂಲಿ ಕುಕೂ ಗಡಿಯಾರಕ್ಕೆ ಹರಳಿನ ಭಾಗ್ಯವಿಲ್ಲ. 1850ರಲ್ಲಿ ಫುರ್ಟ್‌ವಾಂಗನ್‌ನ ಗಡಿಯಾರ ಶಾಲೆ ಹೊಸ ವಿನ್ಯಾಸ ಆಹ್ವಾನಿಸಿದಾಗ ಐಸೆನ್‌ಲೋರ್ ಎಂಬ ವಾಸ್ತುಶಿಲ್ಪಿ ರೈಲುಹಳಿ ಕಾಯುವವನ ಮನೆಯ ಆಕಾರ ಕೊಟ್ಟ. ಅಂದಿನಿಂದ ಅದರ ಹೊರಮೈ ಬಲು ಚೆಂದ. ಒಳಗೆ ಬರಿಯ ಹಿತ್ತಾಳೆ, ಉಕ್ಕು.

ರಿಪೇರಿಯಲ್ಲಿ ಒಂದು ದೊಡ್ಡ ಆಮಿಷವಿದೆ: ಇನ್ನೂ ಭಾರದ ಗುಂಡು ಕಟ್ಟುವುದು. ಕಟ್ಟಿದ ತಕ್ಷಣ ಗಡಿಯಾರ ಓಡುತ್ತದೆ, ಸನ್ನೆಗೋಲು ಏಳುತ್ತದೆ, ಹಕ್ಕಿ ಕೂಗುತ್ತದೆ, ಮನೆಮಂದಿಗೆಲ್ಲ ಖುಷಿ. ಆದರೆ ಸವೆದ ತೂತಿನ ಮೇಲೆ ಬೀಳುವ ಒತ್ತಡ ಮೊದಲಿಗಿಂತ ಹೆಚ್ಚಾಗಿರುತ್ತದೆ. ಹೆಚ್ಚಿನ ಭಾರದಿಂದ ಬಂದ ಓಟ ಗುಣವಾದದ್ದರ ಲಕ್ಷಣವಲ್ಲ. ಮುಂದಿನ ಸಲ ನಿಂತಾಗ ಇನ್ನಷ್ಟು ಕೆಟ್ಟಿರುತ್ತದೆ, ಅಷ್ಟೆ.

ನಿಂತ ಜಾಗವನ್ನೇ ದೂರುವುದು, ಭಾರ ಹೆಚ್ಚಿಸುವುದು: ಮನುಷ್ಯರ ವಿಷಯದಲ್ಲಿ ನಾವು ಈ ಎರಡೂ ತಪ್ಪುಗಳನ್ನು ಒಟ್ಟಿಗೇ ಮಾಡುತ್ತೇವೆ. ಪಾಳಿ ಮುಗಿಸಿ, ಮೆಟ್ರೊ ಇಳಿದು ಮನೆಗೆ ಬಂದವರು ‘ಬರುವಾಗ ಹಾಲು ತರಲಿಲ್ವಾ?’ ಎಂಬ ಮಾತಿಗೆ ಸಿಡಿದುಬೀಳುತ್ತಾರೆ. ಆ ರಾತ್ರಿಯ ಜಗಳವೆಲ್ಲ ಹಾಲಿನ ಬಗ್ಗೆಯೇ ನಡೆಯುತ್ತದೆ. ದಿನವಿಡೀ ಎಲ್ಲೆಲ್ಲಿ ಬಲ ಸೋರಿತೆಂದು ಯಾರೂ ಕೇಳುವುದಿಲ್ಲ. ಹಾಲು ಅವತ್ತಿನ ಸನ್ನೆಗೋಲು ಮಾತ್ರ.

ಒಂಬತ್ತನೇ ತರಗತಿಯ ಬೀಜಗಣಿತದಲ್ಲಿ ನಿಂತುಹೋದ ಹುಡುಗನ ಕಥೆಯೂ ಇದೇ. ಅವನಿಗೆ ಬೀಜಗಣಿತ ಬರುವುದಿಲ್ಲ ಎಂದು ತೀರ್ಮಾನಿಸಿ ಬೆಳಿಗ್ಗೆ ಒಂದು, ಸಂಜೆ ಒಂದು ಟ್ಯೂಷನ್ ಕಟ್ಟುತ್ತೇವೆ. ಸ್ವಲ್ಪ ದಿನ ಅಂಕ ಏರುವುದೂ ಉಂಟು. ಅವನು ಎಡವಿದ್ದು ಎಷ್ಟೋ ಸಲ ಭಿನ್ನರಾಶಿಯಲ್ಲಿ, ಅದೂ ವರ್ಷಗಳ ಹಿಂದೆ, ಯಾರಿಗೂ ಕಾಣದ ಹಾಗೆ. ಮೂರನೆಯ ಟ್ಯೂಷನ್ನಿಗೆ ದುಡ್ಡು ಕಟ್ಟುವ ಮುನ್ನ, ಅರ್ಧಕ್ಕೆ ಕಾಲು ಸೇರಿಸಿದರೆ ಎಷ್ಟು ಎಂದು ಅವನನ್ನು ಕೂರಿಸಿಕೊಂಡು ಸಾವಧಾನವಾಗಿ ಕೇಳಿ ನೋಡುವುದು ಒಳ್ಳೆಯದು.