ಕರಡಿಯ ಲೆಕ್ಕದಲ್ಲಿ ನಾವು

ಅಲಾಸ್ಕದ ಬ್ರೂಕ್ಸ್ ಜಲಪಾತಕ್ಕೆ ಜೋಗದ ಎತ್ತರವಿಲ್ಲ. ಆಳೆತ್ತರದ ಒಂದು ಬಂಡೆಸಾಲು, ಅದರ ಮೇಲಿಂದ ಇಳಿಯುವ ನೀರು, ಅಷ್ಟೆ. ಆದರೆ ಸಮುದ್ರದಿಂದ ಮೊಟ್ಟೆಯಿಡಲು ಹೊರಟ ಸಾಕೈ ಸಾಲ್ಮನ್ ಮೀನುಗಳು ಜುಲೈಯಲ್ಲಿ ಆ ಬಂಡೆಯನ್ನು ಹಾರಿಯೇ ದಾಟಬೇಕು. ಅವು ಹಾರುವ ಜಾಗದಲ್ಲೇ ಕಂದು ಕರಡಿ ಬಾಯ್ದೆರೆದು ನಿಂತಿರುತ್ತದೆ. ನಾನು ನೋಡಿದ ಗಂಡು ಕರಡಿ ಹಿಡಿದ ಮೀನನ್ನು ಮುಂಗಾಲಲ್ಲಿ ಒತ್ತಿಹಿಡಿದು ಮೊದಲು ಚರ್ಮ ಸುಲಿಯಿತು, ಆಮೇಲೆ ಮೊಟ್ಟೆಯ ಗೊಂಚಲು ತಿಂದಿತು, ತಲೆಯನ್ನು ಕಡಿದು ನುಂಗಿತು. ಕೆಂಪು ಮಾಂಸ ಹಾಗೇ ಹೊಳೆಯ ಪಾಲಾಯಿತು, ಕಡಲಕ್ಕಿಗಳು ಮುಗಿಬಿದ್ದವು. ಮೀನು ಹೇರಳವಾಗಿರುವಾಗ ಕರಡಿಗೆ ಬೇಕಾಗುವುದು ಕೊಬ್ಬು ಮಾತ್ರ. ಚಳಿಗಾಲದ ನಿದ್ದೆಯಲ್ಲಿ ಅದರ ಮೈತೂಕದ ಸುಮಾರು ಮೂರನೆಯ ಒಂದು ಭಾಗ ಕರಗಿಹೋಗುತ್ತದೆ. ಆ ಕೊಬ್ಬನ್ನು ಈಗಲೇ ಕೂಡಿಡಬೇಕು.

ತಿಂದಾದ ಮೇಲೆ ಅದು ದಡ ಹತ್ತಿ, ನಾವು ನಿಂತಿದ್ದ ಅಟ್ಟಣೆಯ ಬುಡಕ್ಕೇ ಬಂದು ಮೈ ಕೊಡವಿ ತಲೆ ಎತ್ತಿತು. ಅದರ ಕಣ್ಣು ಮರದ ಕಟಕಟೆಯ ಮೇಲೆ ಹಾದಂತೆಯೇ ನಮ್ಮ ಮುಖಗಳ ಮೇಲೂ ಹಾದುಹೋಯಿತು. ಎಲ್ಲೂ ನಿಲ್ಲಲಿಲ್ಲ.

ಒಂದು ಕ್ಷಣ ನನಗೆ ಪೆಚ್ಚೆನಿಸಿತು. ಅಲಾಸ್ಕದ ಕಟ್ಮೈ ರಾಷ್ಟ್ರೀಯ ಉದ್ಯಾನದ ಈ ಜಾಗಕ್ಕೆ ರಸ್ತೆ ಇಲ್ಲ. ಆಂಕರೇಜಿನಿಂದ ಬೆಳಿಗ್ಗೆ ಹೊರಟು, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಹತ್ತಿ, ಸಂಜೆಯೊಳಗೆ ಮರಳುವ ಒಂದು ದಿನದ ಪ್ರವಾಸಕ್ಕೆ ಸಾವಿರ ಡಾಲರಿನ ಆಸುಪಾಸು ಖರ್ಚಾಗಿತ್ತು. ಹತ್ತುವ ಮೊದಲು ನನ್ನನ್ನೂ ನನ್ನ ಚೀಲವನ್ನೂ ತಕ್ಕಡಿಯಲ್ಲಿ ತೂಗಿದ್ದರು. ಇಷ್ಟೆಲ್ಲ ಮಾಡಿ ಬಂದವನು ಆ ಕರಡಿಯ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಬಂದದ್ದು ಇದಕ್ಕಾಗಿಯೇ ಎಂದು ಮನಸ್ಸಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು.

ಬರೀ ಕರಡಿ ನೋಡಬೇಕೆಂದರೆ ಹೋಗಬೇಕಾಗಿಯೇ ಇಲ್ಲ. 2012ರಿಂದ ಈ ಹೊಳೆಯ ದಡದ ಕ್ಯಾಮೆರಾಗಳು ನೇರ ದೃಶ್ಯ ಬಿತ್ತರಿಸುತ್ತಿವೆ. ಒಂದು ಗಂಟೆ ಅಟ್ಟಣೆಯ ಮೇಲೆ ನಿಂತವನಿಗಿಂತ ಒಂದು ಬೇಸಿಗೆ ಪರದೆಯ ಮುಂದೆ ಕುಳಿತವನು ಕರಡಿಗಳ ಬಗ್ಗೆ ಹೆಚ್ಚು ಬಲ್ಲ. ವಿಮಾನದ ಇಂಧನವೂ ಉಳಿಯಿತು. ಇದು ಗಟ್ಟಿಯಾದ ವಾದ, ತಳ್ಳಿಹಾಕುವಂಥದಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಎದುರಿಗೆ ಇಲ್ಲದವನನ್ನು ಯಾರೂ ಕಡೆಗಣಿಸಲಾರರು. ಕಡೆಗಣಿಸಲ್ಪಡಬೇಕಾದರೆ ಅಲ್ಲಿ ಇರಬೇಕು, ಕರಡಿಯ ಮೂಗಿಗೆ ನಮ್ಮ ವಾಸನೆ ತಾಗಬೇಕು. ನಾವು ಇದ್ದೂ ಒಂದು ಜೀವ ತನ್ನ ಕೆಲಸ ಬಿಡದೆ ಮುಂದುವರಿಸಿದಾಗ ಮಾತ್ರ, ಜಗತ್ತು ನಮ್ಮ ಸುತ್ತ ತಿರುಗುತ್ತಿಲ್ಲ ಎಂಬುದು ಮೈಗೆ ಗೊತ್ತಾಗುತ್ತದೆ. ‘ಕಾಡುಪ್ರಾಣಿ’ ಎಂಬ ಮಾತಿಗೆ ನಾನು ಕೊಡುವ ಅರ್ಥವೂ ಇದೇ: ನಮ್ಮಿಂದ ಏನನ್ನೂ ಬಯಸದ ಪ್ರಾಣಿ.

ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳಿವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ಬ್ರೂಕ್ಸ್‌ನಲ್ಲಿ ಈ ತಿನ್ನದೆ ನೋಡುವುದು ಅಕ್ಷರಶಃ ಜಾರಿಯಲ್ಲಿದೆ. ವಿಮಾನದಿಂದ ಇಳಿದವರನ್ನೆಲ್ಲ ಮೊದಲು ಒಂದು ಪಾಠಕ್ಕೆ ಕೂರಿಸುತ್ತಾರೆ. ಕರಡಿಯಿಂದ ಕನಿಷ್ಠ 50 ಗಜ ದೂರವಿರಬೇಕು. ದಾರಿಯಲ್ಲಿ ಎದುರಾದರೆ ಓಡಬಾರದು, ನಾವೇ ಪಕ್ಕಕ್ಕೆ ಸರಿಯಬೇಕು. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ತಿನ್ನಬಾರದು. ಜೇಬಿನಲ್ಲಿ ಒಂದು ಚಾಕೊಲೇಟ್ ಕೂಡ ಇರಕೂಡದು. ಮನುಷ್ಯ ಎಂದರೆ ಆಹಾರ ಎಂದು ಒಂದು ಕರಡಿ ಒಮ್ಮೆ ಕಲಿತರೆ, ಆ ಪಾಠ ಕೊನೆಗೆ ಕೋವಿಯಲ್ಲಿ ಮುಗಿಯುತ್ತದೆ. ನಾನು ಕಂಡ ಕರಡಿಯ ಆ ನಿರ್ಲಿಪ್ತ ನೋಟ ತಾನಾಗಿ ಬಂದದ್ದಲ್ಲ ಎಂದಾಯಿತು. ಸಾವಿರಾರು ಜನ ಹಲವು ದಶಕ ಬಾಯಿ ಕಟ್ಟಿದ್ದರ ಫಲ ಅದು.

ನಮ್ಮ ಹಂಪಿಯ ಬಳಿ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಸಿಹಿ ಸವರಿ ಇಡುತ್ತಾರೆ. ಇಳಿಹೊತ್ತಿನಲ್ಲಿ ಕರಡಿಗಳು ಬರುತ್ತವೆ, ವೀಕ್ಷಣಾ ಗೋಪುರದಿಂದ ಜನ ನೋಡುತ್ತಾರೆ. ಅಲ್ಲಿ ಕುಳಿತು ಸಂತೋಷಪಟ್ಟವರಲ್ಲಿ ನಾನೂ ಒಬ್ಬ, ಆ ಧಾಮ ಇರುವುದರಿಂದಲೇ ಆ ಕುರುಚಲು ಗುಡ್ಡಗಳಲ್ಲಿ ಕರಡಿಗೊಂದು ನೆಲೆ ಉಳಿದಿದೆ. ಆದರೆ ಆ ಸಂಜೆ ಅವು ಬಂದದ್ದು ನಾವು ಕರೆದದ್ದಕ್ಕೆ. ಬ್ರೂಕ್ಸ್‌ನ ಕರಡಿಯನ್ನು ಕರೆದದ್ದು ಮೀನು.

ಕಡೆಗಣನೆಯನ್ನು ತಾಳಿಕೊಳ್ಳುವುದು ಸುಲಭವಲ್ಲ. ಟಿಮೊಥಿ ಟ್ರೆಡ್‌ವೆಲ್ ಇದೇ ಕಟ್ಮೈ ಕರಾವಳಿಯಲ್ಲಿ 13 ಬೇಸಿಗೆಗಳನ್ನು ಕರಡಿಗಳ ನಡುವೆ ಕಳೆದ. ಅವಕ್ಕೆ ಹೆಸರಿಟ್ಟ, ಮಾತಾಡಿಸಿದ, ಮುಟ್ಟಿದ. 2003ರ ಅಕ್ಟೋಬರಿನಲ್ಲಿ ಅವನನ್ನೂ ಜೊತೆಗಾತಿ ಏಮಿ ಹ್ಯೂಗ್ನಾರ್ಡ್ ಅವರನ್ನೂ ಕರಡಿ ಕೊಂದಿತು. ಶವ ತರಲು ಹೋದವರು ಎರಡು ಕರಡಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಅವನ ಪ್ರೀತಿ ನಿಜವಾದದ್ದೇ. ಆದರೆ ಅದು ಮರುಪ್ರೀತಿಯನ್ನು ಬೇಡಿತು, ಮತ್ತು ಆ ಬೇಡಿಕೆಯ ಬೆಲೆಯನ್ನು ಕರಡಿಗಳೂ ತೆತ್ತವು. ಸಂಜೆಗೆ ಹೊರಟುಬಿಡುವ ಅತಿಥಿ ಪ್ರೀತಿಯಲ್ಲಿ ಟ್ರೆಡ್‌ವೆಲ್‌ಗಿಂತ ಕಡಿಮೆ ಇರಬಹುದು, ಆದರೆ ಬೇಡುವುದಕ್ಕೆ ಅವನಿಗೆ ಹೊತ್ತೇ ಸಿಗುವುದಿಲ್ಲ. ಒಂದು ದಿನದ ಪ್ರವಾಸ ಅಲ್ಪದ್ದು ಎಂದು ಹೀಗಳೆಯುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಇಷ್ಟರವರೆಗೆ ನನ್ನ ವಾದ ನನಗೇ ಹಿತವಾಗಿದೆ. ಅದರಲ್ಲಿ ಒಂದು ಬಿರುಕಿದೆ. ನನ್ನನ್ನು ಲೆಕ್ಕಿಸದ ಕರಡಿಯನ್ನು ನಾನು ಕಂಡೆ, ಸರಿ. ನನ್ನನ್ನು ಲೆಕ್ಕಿಸಿ ಹೊಳೆಗೆ ಇಳಿಯದೆ ಕಾಡಿನಂಚಿನಲ್ಲೇ ಹಿಂತಿರುಗಿದ ಕರಡಿ? ಅದು ನನ್ನ ಕಣ್ಣಿಗೆ ಬೀಳುವಂತೆಯೇ ಇಲ್ಲ. ಎಲ್ಲ ಕರಡಿಗಳೂ ಜನರ ಸದ್ದಿಗೆ ಒಗ್ಗುವುದಿಲ್ಲ. ಅಂಜುವ ಸ್ವಭಾವದವು, ಮರಿಗಳನ್ನು ಕಟ್ಟಿಕೊಂಡ ತಾಯಂದಿರು ದೂರ ಉಳಿಯಬಹುದು. ಮೀನಿನ ಸುಗ್ಗಿಯಲ್ಲಿ ಕಳೆದುಕೊಂಡ ಪ್ರತಿ ಗಂಟೆಯೂ ಅವಕ್ಕೆ ಚಳಿಗಾಲದ ಕೊಬ್ಬಿನ ನಷ್ಟ. ಅಟ್ಟಣೆಯ ಮೇಲಿನ ಸಂತೋಷವನ್ನೇ ಸಾಕ್ಷಿ ಮಾಡಿಕೊಂಡು ಯಾರಿಗೂ ತೊಂದರೆಯಾಗಿಲ್ಲ ಎಂದುಕೊಳ್ಳುವುದು ಪ್ರಾಮಾಣಿಕತೆಯಲ್ಲ. ನೋಡುವವರ ಸಂಖ್ಯೆಗೆ ಮಿತಿ ಬೇಕು. ಜಲಪಾತದ ಅಟ್ಟಣೆಯಲ್ಲಿ ಏಕಕಾಲಕ್ಕೆ 40 ಜನರ ಮಿತಿಯೇನೋ ಇದೆ, ನೂಕುನುಗ್ಗಲಿನ ದಿನಗಳಲ್ಲಿ ಸರದಿಯೂ ಇದೆ. ಆದರೆ ಅಲ್ಲಿಯವರೆಗೆ ಯಾರು ತಲುಪುತ್ತಾರೆ ಎಂಬುದನ್ನು ಮಾತ್ರ ಹಣ ತೀರ್ಮಾನಿಸುತ್ತದೆ.

ಇದಕ್ಕಿಂತ ನ್ಯಾಯವಾದ ದಾರಿ ಹತ್ತಿರದಲ್ಲೇ ಇದೆ. ಕಟ್ಮೈಗೆ ತಾಗಿದಂತೆ ಮೆಕ್‌ನೀಲ್ ನದಿಯ ಅಭಯಾರಣ್ಯವಿದೆ. ಅಲ್ಲಿ 1973ರಿಂದ ಪರವಾನಗಿ ಪದ್ಧತಿ. ಚೀಟಿ ಎತ್ತಿ ಆರಿಸಿದ 10 ಜನರಿಗೆ ಮಾತ್ರ ದಿನವೂ ಪ್ರವೇಶ, ಜೊತೆಗೆ ಮೇಲ್ವಿಚಾರಕರು. ಅಟ್ಟಣೆಯಿಲ್ಲ, ಬೇಲಿಯಿಲ್ಲ, ಬರೀ ನೆಲದ ಮೇಲೆ ಕೂರುತ್ತಾರೆ. ಆ ನದಿಯ ಜಲಪಾತದಲ್ಲಿ ಒಂದೇ ಹೊತ್ತಿನಲ್ಲಿ 70ಕ್ಕೂ ಹೆಚ್ಚು ಕರಡಿಗಳನ್ನು ಎಣಿಸಿದ್ದುಂಟು. ಪರವಾನಗಿ ಬಂದ ಮೇಲೆ ಅಲ್ಲಿ ಕರಡಿಯಿಂದ ಒಬ್ಬ ಪ್ರವಾಸಿಗೂ ಗಾಯವಾಗಿಲ್ಲ.

ವಿಮಾನದ ಬಾಡಿಗೆ ಅಲ್ಲಿಗೂ ಕೊಡಬೇಕು, ನಿಜ. ಆದರೆ ಎಷ್ಟು ಹಣವಿದ್ದರೂ ಚೀಟಿಯಲ್ಲಿ ಹೆಸರು ಬರದೆ ಹೋಗಲಾಗದು. ಬ್ರೂಕ್ಸ್‌ಗೂ ಇದೇ ನಿಯಮ ಬರಬೇಕು. ಒಮ್ಮೆ ನೋಡಿಬಂದವನಾಗಿ, ನನ್ನ ಜಾಗ ಇನ್ನೊಬ್ಬರಿಗೆ ಹೋಗಲಿ ಎಂದೇ ಹೇಳುತ್ತೇನೆ. ಅಲಾಸ್ಕಕ್ಕೆ ಹೊರಟಿರುವ ಕನ್ನಡಿಗರಿದ್ದರೆ ಮೊದಲು ಮೆಕ್‌ನೀಲ್‌ಗೆ ಅರ್ಜಿ ಹಾಕಿ. ಹೆಸರು ಬರದಿದ್ದರೆ ಆ ವರ್ಷ ಕ್ಯಾಮೆರಾದಲ್ಲಿ ನೋಡಿ, ಮರುವರ್ಷ ಮತ್ತೆ ಅರ್ಜಿ ಹಾಕಿ.